ನೀಲಿ ಬಸ್ಸಿನಲ್ಲಿ ಓದು ಕಲಿಸಲು ಹೋಗಿ

ದಸರಾ ರಜೆಯ ಕೊನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಮಣಿಪಾಲದ ಮನೆಯಿಂದ ಹೊರಡುವಾಗಲೇ ನನಗೆ ಸುಸ್ತಾಗಿತ್ತು. ಹಿಂದಿನ ದಿನವಿಡೀ ಕೂತು ಅಕ್ಷರದ ಕಾರ್ಡು ಕತ್ತರಿಸಿದ್ದೆ. ಚೀಲದಲ್ಲಿ ಆ ಕಾರ್ಡುಗಳು, ಅಕ್ಷರದ ಗೆರೆಯ ಮೇಲೆ ಜೋಡಿಸಲು ಒಂದು ಡಬ್ಬಿ ಹುಣಸೆಬೀಜ, ಬೆರಳಿನಿಂದ ಬರೆಯಲು ಒಂದು ಡಬ್ಬಿ ಮರಳು, ಎರಡು ಕೊಡೆ, ಜ್ವರದ ಮಾತ್ರೆ, ವಾಂತಿಯ ಮಾತ್ರೆ. ಕಡಲ ತಡಿಯ ಊರಿಗೆ ಮರಳು ಹೊತ್ತುಕೊಂಡು ಹೋಗುವವಳು ನಾನೊಬ್ಬಳೇ ಇರಬೇಕು ಎಂಬುದು ಉಡುಪಿಯಲ್ಲಿ ಬಸ್ಸು ಬದಲಾಯಿಸುವಾಗ, ಹೆಗಲು ನೋಯತೊಡಗಿದ ಮೇಲೆ ಹೊಳೆಯಿತು.

ಕಾಪುವಿನಲ್ಲಿ ನನ್ನ ತಂಗಿ ಶೋಭಾಳ ಮನೆ. ಅವಳ ಮಗಳು ತನ್ವಿ ಎರಡನೇ ತರಗತಿ. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಆದರೂ ಯಾರಾದರೂ ಎರಡು ಸಲ ಓದಿ ಹೇಳಿದರೆ ಸಾಕು, ಪಾಠವನ್ನು ಭಜನೆಯ ಹಾಗೆ ಪೂರ್ತಿ ಒಪ್ಪಿಸುತ್ತಿದ್ದಳು. ಮಗು ಓದುತ್ತದೆ ಎಂದೇ ನಾವೆಲ್ಲ ನಂಬಿದ್ದೆವು. ರಜೆಗೆ ಮೊದಲು ತರಗತಿಯಲ್ಲಿ ಎದ್ದು ನಿಂತು ಒಂದು ಪಾಠವನ್ನು ಗಡಗಡ ಓದಿದಳು. ಕೈಯಲ್ಲಿ ತೆರೆದಿದ್ದದ್ದು ಬೇರೆಯೇ ಪಾಠ. ಮಕ್ಕಳೆಲ್ಲ ನಕ್ಕರು. ಅಂದಿನಿಂದ ಅವಳು ಪುಸ್ತಕ ಮುಟ್ಟಿಲ್ಲ. ಸೋಮವಾರ ಶಾಲೆ ತೆರೆಯುತ್ತದೆ, ಹೋಗುವುದಿಲ್ಲವೆಂದು ಹಟ.

"ಅಕ್ಕ, ನೀನು ಲೈಬ್ರರಿಯಲ್ಲಿ ಊರ ಮಕ್ಕಳಿಗೆಲ್ಲ ಓದಲು ಕಲಿಸ್ತೀಯಲ್ಲ, ಇವಳಿಗೆ ಎಂತಾದರೂ ಒಂದು ಮಾಡು ಮಾರಾಯ್ತಿ" ಎಂದು ಶೋಭಾ ಫೋನಿನಲ್ಲಿ ಅತ್ತಿದ್ದಳು. ನಾನು ವಾರಕ್ಕೊಮ್ಮೆ ಹತ್ತು ಮಕ್ಕಳ ಜೊತೆ ಕೂರುತ್ತೇನೆ, ಅಷ್ಟೇ. ಅದರಲ್ಲಿ ನಾಲ್ವರು ಫ್ಯಾನಿನ ಗಾಳಿಗೆಂದು ಬರುವವರು. ಆದರೂ, ತನ್ವಿಯನ್ನು ಕಾರ್ಕಳದಲ್ಲಿರುವ ಅವಳ ಅಜ್ಜಿಯ ಮನೆಗೆ ಕರೆದುಕೊಂಡು ಹೋಗುತ್ತೇನೆ, ಎರಡು ದಿನದಲ್ಲಿ ಹೆದರಿಕೆ ಬಿಡಿಸುತ್ತೇನೆ ಎಂದುಬಿಟ್ಟೆ. ಹೇಳಿದ ಕ್ಷಣದಿಂದ ಹೆದರಿಕೆ ನನಗೆ ಹಿಡಿಯಿತು.

ಕಾಪುವಿನಲ್ಲಿ ಬನ್ಸ್ ತಿಂದು ಚಾ ಕುಡಿದು ಚೀಲ ಬಿಚ್ಚಿದೆ. ಕಾರ್ಡು ಕಂಡದ್ದೇ ತನ್ವಿ ಕಣ್ಣು ಮುಚ್ಚಿಕೊಂಡಳು. ಹುಣಸೆಬೀಜ ಕೊಟ್ಟರೆ, "ಚೆನ್ನೆಮಣೆ ತರಲಿಲ್ವಾ?" ಎಂದಳು.

"ಇದು ಆಡ್ಲಿಕ್ಕಲ್ಲ ಮಗಾ, ಅಕ್ಷರ ಮಾಡ್ಲಿಕ್ಕೆ."

"ಮತ್ತೆ ಮರಳು? ಮರಳು ಇಲ್ಲಿಯೇ ಉಂಟಲ್ಲ ದೊಡ್ಡಮ್ಮ!"

ಚೀಲ ಮತ್ತೆ ಕಟ್ಟಿದೆ. ಹತ್ತು ಗಂಟೆಗೆ ಹೆದ್ದಾರಿಯ ಬದಿಯ ಬಸ್‌ಸ್ಟಾಪಿಗೆ ಬಂದಾಗ ಕೊಡೆಯ ಒಳಗೂ ಬಿಸಿಲಿತ್ತು. ಕೊನೆಯ ಉಪಾಯವೆಂಬಂತೆ, "ಪುಸ್ತಕ ಬೇಡ. ಬರುವ ಬಸ್ಸಿನ ಬೋರ್ಡು ಮಾತ್ರ ನೀನು ಓದು, ಆಗದಾ?" ಎಂದೆ. ದೂರದಲ್ಲಿ ಒಂದು ನೀಲಿ ಬಸ್ಸು ಕಾಣಿಸಿತು.

"ಕಾರ್ಕಳ!" ಎಂದು ಕೂಗಿದಳು.

ನನ್ನ ಕಣ್ಣು ಒದ್ದೆಯಾಯಿತು. ಅಷ್ಟು ದೂರದಿಂದ, ಅಷ್ಟು ಸ್ಪಷ್ಟವಾಗಿ! ತಂಗಿಗೆ ಮೆಸೇಜು ಟೈಪು ಮಾಡುತ್ತಲೇ ಮಗುವನ್ನು ಎಳೆದುಕೊಂಡು ಹತ್ತಿದೆ. ಬಸ್ಸಿನಲ್ಲಿ ರಶ್ಶು. ಕಾರ್ಕಳದ ರಸ್ತೆ ಸಿಗುವ ಪಡುಬಿದ್ರಿ ಬರುವ ಮೊದಲೇ ಬಸ್ಸು ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದಾಗ ರಸ್ತೆ ರಿಪೇರಿ ಇರಬಹುದು ಎಂದುಕೊಂಡೆ. ಆಮೇಲೆ ಕಂಡಕ್ಟರ್ ನಮ್ಮ ಬಳಿ ಬಂದ.

"ಎರಡು ಕಾರ್ಕಳ" ಎಂದೆ.

"ಕಾರ್ಕಳವಾ? ಇದು ಎಲ್ಲೂರಿಗೆ ಹೋಗುವುದು. ಇವತ್ತು ಆ ರೂಟಿನ ಬಸ್ಸು ಹಾಳಾಗಿ, ಕಾರ್ಕಳದ ಈ ಬಸ್ಸನ್ನು ಈ ಟ್ರಿಪ್ಪಿಗೆ ಹಾಕಿದ್ದು. ಎಂತ ಅಕ್ಕ, ಬೋರ್ಡು ಓದ್ಲಿಕ್ಕೆ ಬರುವುದಿಲ್ವಾ?"

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಮತ್ತೆ ನಾಲ್ಕು ಜನ ಸೇರಿಕೊಂಡರು. ತನ್ವಿ ನನ್ನ ಸೆರಗಿನೊಳಗೆ ಮುಖ ಹುಗಿದಳು. ಅವಳಿಗೆ ಮತ್ತೆ ಅದೇ ತರಗತಿ, ಅದೇ ನಗು. ಎರಡು ದಿನ ಬೇಕಾಗಲಿಲ್ಲ, ಅರ್ಧ ಗಂಟೆಯಲ್ಲೇ ಎಲ್ಲವನ್ನೂ ಕೆಡಿಸಿದ್ದೆ.

"ನಾನೇ ಓದಲಿಲ್ಲ. ನನ್ನದೇ ತಪ್ಪು" ಎಂದೆ, ಬಸ್ಸಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

"ಎಲ್ಲೂರಿನಲ್ಲಿ ಇಳಿದು ಪಡುಬಿದ್ರಿ ಬಸ್ಸು ಹಿಡಿಯಿರಿ, ಅಲ್ಲಿಂದ ಕಾರ್ಕಳಕ್ಕೆ ಬೇಕಾದಷ್ಟುಂಟು" ಎಂದು ಕಂಡಕ್ಟರ್ ಮುಂದೆ ಹೋದ.

ಎಲ್ಲೂರಿನಲ್ಲಿ ಇಳಿದು ಬೊಂಡದ ನೀರು ಕುಡಿದೆವು. ಬೊಂಡದ ಅಂಗಡಿಯವರು ಪಡುಬಿದ್ರಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಎಂದರು. ಒಂದು ಮರದ ನೆರಳಲ್ಲಿ ಕೂತೆವು. ನನ್ನ ಕಾಲು ಊದಿತ್ತು. ತನ್ವಿ ಮೆಲ್ಲಗೆ ಕೇಳಿದಳು.

"ದೊಡ್ಡಮ್ಮ, ನಿಮಗೂ ಓದ್ಲಿಕ್ಕೆ ಬರುವುದಿಲ್ವಾ?"

"ಬರ್ತದೆ. ನೀಲಿ ಬಸ್ಸು ಅಂದ್ರೆ ಕಾರ್ಕಳದ್ದೇ ಅಂತ ಬೋರ್ಡು ನೋಡಲೇ ಇಲ್ಲ."

"ನಾನೂ ನೋಡಲಿಲ್ಲ" ಎಂದಳು. ಕಾಲಿನಿಂದ ಮಣ್ಣು ಕೆದಕುತ್ತಾ, "ಪುಸ್ತಕವೂ ಹಾಗೆಯೇ" ಎಂದಳು.

ನಮ್ಮ ಕಡೆ ಬೋರ್ಡು ಓದಿ ಬಸ್ಸು ಹತ್ತುವವರು ಪರವೂರಿನವರು ಮಾತ್ರ. ನಾವು ಬಣ್ಣ ನೋಡಿ, ಹಾರ್ನು ಕೇಳಿ ಹತ್ತುತ್ತೇವೆ. ಐವತ್ತೆರಡು ವರ್ಷ ನಾನು ಹಾಗೆಯೇ ತಿರುಗಾಡಿದ್ದೇನೆ.

ಕೊನೆಗೂ ಒಂದು ಬಸ್ಸು ಬಂತು. ಕಂಡಕ್ಟರನ ಬಾಯಲ್ಲಿ ಸೀಟಿ, ಹಾಗಾಗಿ ಊರಿನ ಹೆಸರು ಕೂಗಲಿಲ್ಲ. ನಾನು ಚೀಲ ಎತ್ತಿದೆ. ತನ್ವಿ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನಿಲ್ಲಿ. ನೋಡ್ತೇನೆ."

ಬೆರಳು ಎತ್ತಿ ಗಾಳಿಯಲ್ಲೇ ಒಂದೊಂದು ಅಕ್ಷರದ ಕೆಳಗೆ ಇಟ್ಟಳು. "ಪ..." ಎಂದಳು. ನಿಂತಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು; ಹಲ್ಲು ಕಚ್ಚಿದೆ. "...ಡು." ಗಡಗಡ ಒಪ್ಪಿಸುತ್ತಿದ್ದ ಹುಡುಗಿ ಇದೇ ಮೊದಲ ಸಲ ಎಡವುತ್ತಾ ಓದುತ್ತಿದ್ದಳು. ಕಂಡಕ್ಟರ್ ಬೇಗ ಹತ್ತಿ ಎಂದು ಕೈ ಬೀಸಿದ. ನಾನು ಒಂದು ನಿಮಿಷ ಎಂದು ಕೈ ತೋರಿಸಿದೆ. ಅವನು ನಮ್ಮಿಬ್ಬರನ್ನೂ ನೋಡಿ, ತಲೆ ಕೊಡವಿ, ಸೀಟಿ ಊದಿದ.

ಬಸ್ಸು ಹೊರಟಿತು. ತನ್ವಿ ಬಿಡಲಿಲ್ಲ, ಹಿಂದಿನ ಗಾಜಿನ ಬೋರ್ಡಿಗೆ ಬೆರಳು ನೆಟ್ಟು ನಾಲ್ಕು ಹೆಜ್ಜೆ ಓಡಿದಳು. ತಿರುವಿನಲ್ಲಿ ಅದು ಮರೆಯಾಗುವ ಹೊತ್ತಿಗೆ ಮುಗಿಸಿದಳು.

"ಪಡುಬಿದ್ರಿ! ದೊಡ್ಡಮ್ಮ, ಅದು ನಮ್ಮ ಬಸ್ಸೇ!"

"ಹೌದು ಮಗಾ" ಎಂದೆ, ಮತ್ತೆ ಮರದ ಬುಡದಲ್ಲಿ ಕೂತೆ.