ಎಡಕ್ಕೆ ಸರಿದ ಒಂದು ಸಾಲು

ಮೊನ್ನೆ ಸಹಕಾರನಗರದಲ್ಲಿ ಹೊಸದಾಗಿ ತೆರೆದ ಖಾನಾವಳಿಯ ಮುಂದೆ ಹೋಗುವಾಗ ಶೇಂಗಾ ಚಟ್ನಿಪುಡಿಯ ವಾಸನೆ ಬಂತು. ನಿಮಗಾದರೆ ಹಸಿವಾಗುತ್ತಿತ್ತೇನೋ. ನನಗೆ ಶಾಂತಕ್ಕ ನೆನಪಾದರು, ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು.

ಆಗ ನಾನು ಬಿಡುವಿನಲ್ಲಿ ಕರ್ನಲ್ ಒಂದಕ್ಕೆ ಕೆಲಸ ಮಾಡುತ್ತಿದ್ದೆ. ಕರ್ನಲ್ ಎಂದರೆ ಕಂಪ್ಯೂಟರಿನ ಉಳಿದೆಲ್ಲ ಪ್ರೋಗ್ರಾಮುಗಳ ಅಡಿಯಲ್ಲಿದ್ದು ಯಂತ್ರವನ್ನು ನಡೆಸುವ ಪ್ರೋಗ್ರಾಮು. ನಮ್ಮದು ಯಾರೊಬ್ಬರ ಸ್ವತ್ತೂ ಅಲ್ಲದ ಕರ್ನಲ್. ಯಾರು ಬೇಕಾದರೂ ಅದಕ್ಕೆ ತಿದ್ದುಪಡಿ ಕಳಿಸಬಹುದು. ಅದನ್ನೇ ಪ್ಯಾಚ್ ಎನ್ನುತ್ತೇವೆ. ಲ್ಯಾಪ್‌ಟಾಪಿನ ಧ್ವನಿಯನ್ನು ನೋಡಿಕೊಳ್ಳುವ ಒಂದು ಪುಟ್ಟ ಭಾಗ ನನ್ನ ಉಸ್ತುವಾರಿಯಲ್ಲಿತ್ತು. ಬಂದ ಪ್ಯಾಚುಗಳನ್ನು ಓದಿ ಒಪ್ಪುವುದು, ಇಲ್ಲವೇ ಹಿಂದಿರುಗಿಸುವುದು. ಸಂಬಳವಿರಲಿಲ್ಲ, ಗತ್ತು ಮಾತ್ರ ಧಾರಾಳವಾಗಿತ್ತು. ಹೊಸಬರು ಸಾಮಾನ್ಯವಾಗಿ ಸ್ಪೇಸು, ಟ್ಯಾಬು, ಅಂದರೆ ಕೋಡಿನಲ್ಲಿ ಬಿಟ್ಟ ಖಾಲಿ ಜಾಗಗಳನ್ನಷ್ಟೇ ಸರಿಪಡಿಸಿ ಕಳಿಸುತ್ತಾರೆ. ಅಂಥವನ್ನು ಕಂಡರೆ ನನಗೆ ಅಸಡ್ಡೆ.

ಐದಾರು ವರ್ಷದ ಹಿಂದೆ ಅಂಥದ್ದೊಂದು ಬಂತು. ನನ್ನ ಕೋಡಿನ ಒಂದು ಸಾಲನ್ನು ಎಡಕ್ಕೆ ಸರಿಸಿದ್ದರು, ಅಷ್ಟೆ. ಕಳಿಸಿದವರ ಹೆಸರನ್ನೂ ನೋಡದೆ, ಇಂಥದ್ದಕ್ಕೆಲ್ಲ ನನಗೆ ಪುರಸೊತ್ತಿಲ್ಲವೆಂದು ಎಲ್ಲರೂ ಓದುವ ಮೇಲಿಂಗ್ ಲಿಸ್ಟಿನಲ್ಲೇ ಖಾರವಾಗಿ ಬರೆದೆ. ನಾಲ್ಕು ದಿನದ ಮೇಲೆ ಉತ್ತರ ಬಂತು: ಆ ಸಾಲಿನ ಬಗ್ಗೆ ಒಂದು ಪ್ರಶ್ನೆ ಕೇಳಬಹುದೇ? ಕೆಳಗೆ ಯಲಹಂಕದ ಕಾಲೇಜೊಂದರ ವಿಳಾಸ. ನನ್ನ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಬೈಸಿಕೊಂಡವರು ಇಷ್ಟು ಹತ್ತಿರದವರು ಎಂದು ತಿಳಿದಾಗ ಮನಸ್ಸು ಚುಚ್ಚತೊಡಗಿತು. ದೂರದವರನ್ನಾದರೆ ಬೈಯಬಹುದೇ ಎಂದು ಕೇಳಬೇಡಿ.

ಶನಿವಾರ ಹೋದೆ. ಬಾಗಲಕೋಟೆ ಕಡೆಯ, ಐವತ್ತೈದು ದಾಟಿದ ಶಾಂತಕ್ಕ ಅಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಪ್ಯಾಚ್ ಕಳಿಸಿದ್ದು ಅವರೇ. ಹೆಸರು ಹೇಳಿಕೊಂಡೆ. ಊಟದ ಡಬ್ಬಿ ಬಿಚ್ಚಿದ್ದವರು ನನ್ನ ಮುಂದೆಯೂ ರೊಟ್ಟಿ, ಚಟ್ನಿಪುಡಿ ಇಟ್ಟರು.

"ಮೊದ್ಲ ಉಣ್ರಿ ಸರ," ಎಂದು ಪರದೆ ನನ್ನತ್ತ ತಿರುಗಿಸಿದರು. "ಈ ಸಾಲು ನೋಡಾಕ ಕಂಡೀಷನ್ ಒಳಗ ಐತಿ. ಆದ್ರ ಬ್ರಾಕೆಟ್ ಇಲ್ರಿ, ಹಂಗಾಗಿ ಯಾವಾಗ್ಲೂ ನಡೀತೈತಿ. ನೀವು ಬೇಕಂತನ ಹಂಗ ಬರ್ದೀರೇನು?"

ರೊಟ್ಟಿ ಕೆಳಗಿಟ್ಟು ಆ ಸಾಲು ಓದಿದೆ. ಬಲಕ್ಕೆ ಸರಿಸಿ ಬರೆದದ್ದರಿಂದ ಅದು 'ಹೀಗಾದರೆ ಮಾತ್ರ' ಎಂಬ ಮೇಲಿನ ಷರತ್ತಿಗೆ ಸೇರಿದ್ದೆಂದು ಕಣ್ಣಿಗೆ ಕಾಣುತ್ತಿತ್ತು, ಆದರೆ ಯಂತ್ರ ನೋಡುವುದು ಬ್ರಾಕೆಟನ್ನು ಮಾತ್ರ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಏನಾದರೂ ತೊಂದರೆಯಿದ್ದರೆ ಮಾತ್ರ ಧ್ವನಿ ನಿಲ್ಲಬೇಕಿತ್ತು. ಆ ಸಾಲು ಪ್ರತಿಸಲವೂ ನಿಲ್ಲಿಸುತ್ತಿತ್ತು. ಎರಡು ವರ್ಷದಿಂದ ಜನ ದೂರುತ್ತಿದ್ದರು. ನಾನು ತಪ್ಪನ್ನು ಯಂತ್ರ ಮಾಡಿದವರ ಮೇಲೆ ಹಾಕುತ್ತಿದ್ದೆ.

"ಇಲ್ಲ ಮೇಡಂ, ತಪ್ಪು ನಂದೇ. ಲಿಸ್ಟಲ್ಲೂ ಬರೀತೀನಿ."

"ಅದ್ಯಾಕ್ರಿ? ಇಲ್ಲೇ ಹೇಳಿದ್ರಲ್ಲ."

"ಬೈದಿದ್ದು ಎಲ್ಲರ ಮುಂದೆ ಅಲ್ವಾ?"

ಅವರು ನನ್ನ ಮುಂದೆ ಇನ್ನೊಂದು ರೊಟ್ಟಿ ಇಟ್ಟರು. "ಖರೆ ಹೇಳ್ಬೇಕಂದ್ರ, ನಿಮ್ಮ ಮೇಲ್ ಓದಿ ಮೂರು ದಿನ ಕಂಪ್ಯೂಟರ್ ಮುಟ್ಟಿರ್ಲಿಲ್ರಿ ನಾ."

ಅಂದು ಸಂಜೆಯೇ ಕ್ಷಮೆ ಕೇಳಿ ಬರೆದೆ. ಬ್ರಾಕೆಟ್ ಹಾಕಿ ಅವರು ಮತ್ತೆ ಕಳಿಸಿದ ಪ್ಯಾಚ್ ಅವರ ಹೆಸರಿನಲ್ಲೇ ಕರ್ನಲ್ ಸೇರಿತು. ದೂರುಗಳು ನಿಂತವು.

ಈಗ ಶಾಂತಕ್ಕ ನಿವೃತ್ತರಾಗಿ ಅಟ್ಟೂರಿನಲ್ಲಿದ್ದಾರೆ. ನಾನು ಏನೇ ಕೋಡ್ ಬರೆದರೂ ಮೊದಲು ಅವರಿಗೆ ಕಳಿಸುತ್ತೇನೆ. ನಿನ್ನೆ ಫೋನ್ ಮಾಡಿದ್ದರು: "ಹತ್ತನೇ ಸಾಲಿನ ಕೊನೀಗೆ ಒಂದು ಸ್ಪೇಸ್ ಉಳದೈತಿ ನೋಡ್ರಿ."

ಹುಡುಕಿದೆ, ಇತ್ತು. ಅಳಿಸಿದೆ. ಆಮೇಲೆ, ಯಾರೂ ಹೇಳದಿದ್ದರೂ, ಉಳಿದ ಸಾಲುಗಳನ್ನೂ ಮೊದಲಿನಿಂದ ಓದಲು ಕೂತೆ.