ಎಡಗಡೆ ಸೀಟಿನ ಕೆಳಗಿನ ನೀರು

ಬೆಂಗಳೂರಿನ ಕೆರೆಗಳೆಲ್ಲ ಒಂದೊಂದಾಗಿ ಬಡಾವಣೆಗಳಾಗುತ್ತಿರುವ ಕಾಲದಲ್ಲಿ ನನ್ನ ಹಳೆಯ ಕಾರಿನೊಳಗೆ ಒಂದು ಹೊಸ ಕೆರೆ ಹುಟ್ಟಿಕೊಂಡಿತು ಎಂದರೆ ನೀವು ನಂಬಲಿಕ್ಕಿಲ್ಲ. ಎಡಗಡೆಯ ಮುಂದಿನ ಸೀಟಿನಲ್ಲಿ ಕಾಲಿಡುವ ಕಡೆ ಮ್ಯಾಟ್ ಎತ್ತಿದರೆ ನೀರು. ಅದೂ ನಡು ಬೇಸಿಗೆಯಲ್ಲಿ. ಮಳೆಗಾಲವಾಗಿದ್ದರೆ ಮಳೆಯನ್ನು ಬೈದು ಸುಮ್ಮನಿರಬಹುದಿತ್ತು.

ಜಾಲಹಳ್ಳಿಯ ನಮ್ಮ ಬೀದಿಯಲ್ಲಿರುವವರೆಲ್ಲ ಸರ್ಕಾರಿ ಕಾರ್ಖಾನೆಗಳಿಂದ ನಿವೃತ್ತರಾದವರು. ಯಂತ್ರದ ವಿಷಯ ಬಂದರೆ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯವಿದೆ. ಎದುರುಮನೆಯವರು ಗಾಜಿನ ರಬ್ಬರ್ ಸವೆದಿದೆ ಎಂದರು. ಪಕ್ಕದ ಮನೆಯವರು ರೇಡಿಯೇಟರ್ ನೀರೇ ಒಳಗೆ ಬರುತ್ತಿದೆ ಎಂದು ಹೆದರಿಸಿದರು. ನಾನೇನು ಕಡಿಮೆಯೇ? ಬದುಕಿಡೀ ಬೇರೆಯವರು ಮಾಡಿದ ಬಿಡಿಭಾಗಗಳಲ್ಲಿ ತಪ್ಪು ಹುಡುಕಿ ಸಂಬಳ ಎಣಿಸಿದವನು. ಬೆರಳು ಅದ್ದಿ ಮೂಸಿದೆ. ವಾಸನೆಯಿಲ್ಲ, ಅಂಟಿಲ್ಲ. ಶುದ್ಧ ನೀರೆಂದು ಪಾಸು ಮಾಡಿ, ಮ್ಯಾಟಿನಡಿ ಹಳೆಯ ಪತ್ರಿಕೆ ಹಾಸಿದೆ. ನಮ್ಮ ಕಾರ್ಖಾನೆಯಲ್ಲೂ ಎಣ್ಣೆ ಸೋರುವ ಯಂತ್ರದ ಕೆಳಗೆ ಮೊದಲು ಒಂದು ಟ್ರೇ ಇಡುತ್ತಿದ್ದರು. ರಿಪೇರಿಯ ಮಾತೇನಿದ್ದರೂ ಯಾರಾದರೂ ಜಾರಿ ಬಿದ್ದ ಮೇಲೆ.

ನಮ್ಮಲ್ಲಿ ಯಾರೂ ಜಾರಿ ಬೀಳಲಿಲ್ಲ. ಅದಕ್ಕಿಂತ ಕೆಟ್ಟದ್ದೊಂದು ಗೊತ್ತಾಯಿತು. ಒಂದು ಮಧ್ಯಾಹ್ನ ನಾನೂ ನನ್ನ ಹೆಂಡತಿ ವನಜಳೂ ಮಹದೇವಪುರದಲ್ಲಿರುವ ಅವಳ ತಂಗಿಯ ಮನೆಗೆ ಹೊರಟೆವು. ರಿಂಗ್ ರೋಡಿನಲ್ಲಿ ವಾಹನಗಳು ನಿಂತವೆಂದರೆ ನಿಂತವೇ. ಎಸಿ ಓಡುತ್ತಲೇ ಇತ್ತು. ವನಜ ಚಟ್ನಿಪುಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಯಾಗಿ ಹರಟುತ್ತಿದ್ದಳು. ಇಳಿದ ಮೇಲೆ ನೋಡುತ್ತೇನೆ, ಸೀರೆಯ ಅಂಚು ತೊಯ್ದು ಕಾಲಿಗಂಟಿದೆ, ಪಾದಗಳು ನೆನೆದು ಬೆಳ್ಳಗೆ ಸುಕ್ಕಾಗಿವೆ.

"ಅಲ್ಲ ಕಣೇ, ಇಷ್ಟೊತ್ತೂ ನೀರಲ್ಲಿ ಕಾಲಿಟ್ಕೊಂಡು ಕೂತಿದೀಯ, ಒಂದ್ಮಾತು ಹೇಳ್ಬಾರ್ದಾ?" ಎಂದೆ.

ಅವಳು ಬಗ್ಗಿ ನೋಡಿ, "ಯಾವ ನೀರು?" ಎಂದಳು.

ಸಕ್ಕರೆ ಕಾಯಿಲೆ ಅವಳಿಗೆ ಹಳೆಯದು. ಅದು ಸದ್ದಿಲ್ಲದೆ ಅವಳ ಪಾದಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಹೋದದ್ದು ಮರಳುವ ಭರವಸೆಯಿಲ್ಲ ಎಂದರು ಡಾಕ್ಟರು. ಗಾಯವಾದರೂ ನೋವಾಗುವುದಿಲ್ಲ, ನೋವಾಗದ ಗಾಯ ಒಳಗೊಳಗೇ ಕೊಳೆತರೆ ಕಾಲನ್ನೇ ತೆಗೆಯಬೇಕಾಗಬಹುದು. ದಿನವೂ ಯಾರಾದರೂ ಪಾದ ಎತ್ತಿ ಅಡಿ ನೋಡಬೇಕು, ಬೆರಳ ಸಂದು ಒರೆಸಬೇಕು. ನಮ್ಮ ಮನೆಯಲ್ಲಿ ಯಾರಾದರೂ ಎಂದರೆ ನಾನೊಬ್ಬನೇ.

"ಗಂಡನ ಕೈಲಿ ಕಾಲು ಮುಟ್ಟಿಸ್ಕೊಳ್ಳೋದಾ? ಯಾವ ಜನ್ಮಕ್ಕೆ ರೀ ಈ ಪಾಪ! ನಾನೇ ನೋಡ್ಕೋತೀನಿ" ಎಂದು ವನಜ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. ನಿದ್ದೆಗಣ್ಣಿನಲ್ಲಿ ಕಾಲು ತಗುಲಿದರೂ ಎದ್ದು, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮತ್ತೆ ಮಲಗುವವಳು ಅವಳು. ಮಂಡಿ ಬಗ್ಗುವುದಿಲ್ಲ, ಕಣ್ಣು ಮಂಜು. ಆದರೂ ಕೇಳಿದಾಗಲೆಲ್ಲ "ನೋಡ್ಕೊಂಡೆ" ಎನ್ನುವಳು. ವಾದಿಸಿದೆ, ರೇಗಿದೆ, ಊಟ ಬಿಟ್ಟು ನೋಡಿದೆ. ಹಸಿವು ತಡೆಯದೆ ನಾನೇ ಸೋತೆ. ಭಯ ಮಾತ್ರ ಹೋಗಲಿಲ್ಲ.

ಭಯಬಿದ್ದ ಗಂಡಸು ಕೈಗೆ ಸಿಕ್ಕಿದ್ದನ್ನು ರಿಪೇರಿ ಮಾಡಿಸುತ್ತಾನೆ. ನಾನು ವನಜಳನ್ನೂ ಕೂರಿಸಿಕೊಂಡು ಕಾರನ್ನು ಪೀಣ್ಯದ ಬಸವರಾಜನ ಶೆಡ್ಡಿಗೆ ಒಯ್ದೆ. ಗದಗದ ಕಡೆಯವನು, ಮಾತುಗಾರ. ಮೊದಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕೆಂದು ನನ್ನ ಜೀವ ಹಿಂಡಿ, ಆಮೇಲೆ ಕಾರಿನಡಿ ತೂರಿ, "ಎಸಿ ನೀರ್ರಿ ಸರ. ಹೊರಗ ಹೋಗೋ ಪೈಪ್ ಕಟ್ಟೈತಿ, ಹಿಂಗಾಗಿ ಒಳಗ ಇಳ್ಯಾಕತ್ತೈತಿ" ಎಂದ. ತಣ್ಣನೆಯ ಮಜ್ಜಿಗೆಯ ಲೋಟದ ಹೊರಮೈ ಬೆವರುವುದಿಲ್ಲವೇ, ಎಸಿಯ ಒಳಗೂ ಹಾಗೆಯೇ ನೀರು ಕಟ್ಟುತ್ತದೆ. ಅದು ಒಂದು ಸಣ್ಣ ರಬ್ಬರ್ ಪೈಪಿನಿಂದ ರಸ್ತೆಗೆ ತೊಟ್ಟಿಕ್ಕಬೇಕು. ಬಸವರಾಜ ತಂತಿ ತೂರಿಸಿ ಗಾಳಿ ಊದಿದ. ಬಂದದ್ದು ಕೊಳೆತ ಸೇವಂತಿಗೆಯ ದಳ, ಅರಿಶಿನದ ಅಕ್ಷತೆ.

ಕಾರ್ಖಾನೆಯ ಜನಕ್ಕೆ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಪ್ರತಿ ವರ್ಷ ವನಜ ಕಾರಿನ ಮುಂಗಾಜಿನ ಬುಡಕ್ಕೆ ಹೂ ಸಿಕ್ಕಿಸಿ, ಮೇಲೆ ಅಕ್ಷತೆ ಹಾಕುತ್ತಾಳೆ. ಪೂಜೆಯ ಹೂವನ್ನು ಗುಡಿಸಬಾರದು, ಅದು ತಾನಾಗಿ ಉದುರಬೇಕು ಎಂಬುದು ನಮ್ಮ ಮನೆಯ ಶಾಸ್ತ್ರ. ತಾನಾಗಿಯೇ ಉದುರಿತು, ನೇರ ಗಾಳಿಕಿಂಡಿಯೊಳಕ್ಕೆ. ಗಾಡಿಯಲ್ಲಿ ಕೂತವರಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡು ಇಟ್ಟ ಹೂವು ಅವಳ ಕಾಲಡಿಗೇ ನೀರು ತಂದಿತ್ತು. ನಗಬೇಕೆನ್ನಿಸಿತು, ಆಗಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ವನಜ, "ಎಸೀಬೇಡಿ ರೀ, ದೇವರ ಹೂವು" ಎಂದು ಆ ಕೆಸರನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದು ತುಳಸಿಯ ಬುಡಕ್ಕೆ ಹಾಕಿದಳು.

ಒಳಗೆ ಸೋರುವುದು ನಿಂತಿತು. ಈಗ ಸಿಗ್ನಲ್ಲುಗಳಲ್ಲಿ ಬೈಕಿನ ಹುಡುಗರು ಗಾಜು ತಟ್ಟಿ, "ಅಂಕಲ್, ಗಾಡಿ ಕೆಳಗೆ ನೀರು ಸೋರ್ತಿದೆ" ಎಂದು ಎಚ್ಚರಿಸುತ್ತಾರೆ. ಸೋರಲಿ ಬಿಡಪ್ಪ ಎನ್ನುತ್ತೇನೆ. ಆದರೆ ವನಜಳಿಗೆ ಮಾತ್ರ ಒಳಗಿನ ಸೋರಿಕೆ ಇನ್ನೂ ಸ್ವಲ್ಪ ಉಳಿದಿದೆ ಎಂದೇ ಹೇಳಿದ್ದೆ. ಸೊಪ್ಪಿಗೋ ದೇವಸ್ಥಾನಕ್ಕೋ ನೆಪ ಹೂಡಿ ದಿನವೂ ಕರೆದೊಯ್ಯುತ್ತೇನೆ. ಮನೆ ಮುಂದೆ ಎಡಬಾಗಿಲು ತೆಗೆದು ನೆಲಕ್ಕೆ ಮಂಡಿಯೂರಿ, "ಕಾಲೆತ್ತು, ಮ್ಯಾಟ್ ನೋಡ್ಬೇಕು" ಎನ್ನುತ್ತೇನೆ. ಕೈ ಒಣ ಮ್ಯಾಟಿನ ಮೇಲೆ, ಕಣ್ಣು ಅವಳ ಅಂಗಾಲಿನ ಮೇಲೆ. ಒದ್ದೆಯಾದಂತಿದೆ ಎಂದು ಬೆರಳ ಸಂದನ್ನೂ ಒರೆಸಿಬಿಡುತ್ತೇನೆ. ಕಾರಿನ ಕೆಲಸವೆಂದ ಮೇಲೆ ಪಾಪ ತಗುಲುವುದಿಲ್ಲ. ನನ್ನ ಜಾಣತನದ ಬಗ್ಗೆ ನನಗೆ ಜಂಬವೇ ಇತ್ತು.

ಮೊನ್ನೆ ಚಳಿ. ಕಿಟಕಿಯ ಗಾಳಿಯೇ ಹೆಚ್ಚಾಗಿ ಎಸಿ ಹಾಕಲೇ ಇಲ್ಲ. ಮನೆ ಮುಂದೆ ನಿಲ್ಲಿಸಿ, ಇವತ್ತು ಏನು ನೆಪ ಹೇಳಲಿ ಎಂದು ಸ್ಟೀರಿಂಗ್ ಹಿಡಿದೇ ಕೂತೆ. ವನಜ ತಾನೇ ಬಾಗಿಲು ತೆಗೆದು, ಚಪ್ಪಲಿ ಕಳಚಿ, ಕಾಲುಗಳನ್ನು ಹೊರಗೆ ಚಾಚಿದಳು.

"ಏನ್ರೀ, ಎಡಗಾಲಿನ ಕಡೆ ಜಾಸ್ತಿ ಸೋರಿರ್ಬೇಕು. ನೋಡಿಬಿಡಿ" ಎಂದಳು.

ಇಳಿದು ಆ ಕಡೆಗೆ ಬಂದು ಮಂಡಿಯೂರಿದೆ. ಎಡಗಾಲಿನ ಚಪ್ಪಲಿಯಲ್ಲಿ ಒಂದು ಕಲೆಯಿತ್ತು. ಅದನ್ನು ಅವಳು ನನಗಿಂತ ಮೊದಲೇ ನೋಡಿದ್ದಳು. ಹೆಬ್ಬೆರಳಿನಡಿ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡೆ; ಅವಳು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಹೌದು, ಸ್ವಲ್ಪ ಸೋರಿದೆ. ಈಗ್ಲೇ ತೋರಿಸ್ಕೊಂಡು ಬರೋಣ" ಎಂದೆ. ಯಾರಿಗೆ ಎಂದು ಅವಳು ಕೇಳಲಿಲ್ಲ. ಕಾಲನ್ನು ಒಳಗೆ ತೆಗೆದುಕೊಳ್ಳುವಾಗ ಆಯ ತಪ್ಪದಿರಲೆಂದು ನನ್ನ ತಲೆಯ ಮೇಲೆ ಕೈಯೂರಿದಳು. ತಲೆಯೆತ್ತಿ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಒಣಗಿದ್ದ ಮ್ಯಾಟನ್ನೇ ಇನ್ನೊಮ್ಮೆ ಒರೆಸಿದೆ.