ನೆಲಮಾಳಿಗೆಯ ಮೇಷ್ಟ್ರು

ಬರ್ಮಿಂಗ್‌ಹ್ಯಾಮಿನ ಪಶ್ಚಿಮದ ಕಪ್ಪುಜನರ ಕೇರಿಯಲ್ಲಿ ಹರೆಯದ ಗಂಡಸೊಬ್ಬ ವಾರದ ನಡುವೆ ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಹೋಗುತ್ತಿದ್ದರೆ ಅದಕ್ಕೆ ಎರಡೇ ಕಾರಣ. ಮನೆಯಲ್ಲಿ ಯಾರಾದರೂ ಸತ್ತಿರಬೇಕು, ಇಲ್ಲವೇ ಬೋಧಕನಾಗೆಂದು ದೇವರು ಅವನನ್ನು ಕರೆದಿರಬೇಕು. ಪೆಟ್‌ವೇ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಹಾಗಾಗಿ ಕಾರ್ನೆಲ್ ಪೆಟ್‌ವೇ ಬೋಧಕನಾಗುತ್ತಾನೆಂದು ಕೇರಿ ಇತ್ಯರ್ಥ ಮಾಡಿತು. ಅವನನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಅವನು ಹೋಗುತ್ತಿದ್ದದ್ದು ಚರ್ಚಿನ ನೆಲಮಾಳಿಗೆಗೆ. ಅಲ್ಲಿ ಮಿಸ್ ವರ್ಲೀನ್ ಶಿಶುವಿಹಾರ ನಡೆಸುತ್ತಿದ್ದಳು. ವ್ಯಾಪಾರಕ್ಕೆ ಇಳಿದಿದ್ದರೆ ಆ ಹೆಂಗಸು ಮರಳುಗಾಡಿನಲ್ಲಿ ಮರಳು ಮಾರುತ್ತಿದ್ದಳು. ಟೈರ್ ಅಂಗಡಿಯಲ್ಲಿ ದುಡಿಯುತ್ತಿದ್ದ ಕಾರ್ನೆಲ್‌ನನ್ನು ಅವಳು ಕರೆದದ್ದು ಮಕ್ಕಳ ಮಂಚ ಸರಿಸಿಕೊಡಲು. ಮಂಚಗಳನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಿದ. ಅಲ್ಲಿಂದ ಮತ್ತೆ ಮೊದಲಿನ ಗೋಡೆಗೆ ಸರಿಸಿದ. ಅಷ್ಟರಲ್ಲಿ ಮಕ್ಕಳು ಮಲಗುವ ಹೊತ್ತಾಯಿತು. ಯಾರ ಜೋಗುಳಕ್ಕೂ ಬಗ್ಗದ ಜಬಾರಿ ಎಂಬ ಪೋರ ಅಳುತ್ತ ಬಂದು ಅವನ ಕಾಲು ಹಿಡಿದ. ಎತ್ತಿಕೊಂಡರೆ ಹೆಗಲ ಮೇಲೆ ನಿದ್ದೆಹೋದ. ಎದ್ದುಬಿಟ್ಟಾನೆಂದು ಕಾರ್ನೆಲ್ ದೀಪದ ಕಂಬದಂತೆ ನಿಂತೇ ಇದ್ದ.

"ನಾಳೆ ಆ ಮಂಚಗಳನ್ನ ಇನ್ನೊಂದ್ ಸಲ ಸರಿಸ್ಬೇಕಪ್ಪ," ಎಂದಳು ವರ್ಲೀನ್.

"ಇವತ್ತೇ ಎರಡು ಸಲ ಸರಿಸಿದೀನಲ್ಲ, ಮಿಸ್ ವರ್ಲೀನ್."

"ಅದಕ್ಕೇ ನಿಂಗೆ ಕೈ ಕುದುರಿದೆ."

ತಿಂಗಳೊಪ್ಪತ್ತಿನಲ್ಲಿ ಅವನು ಟೈರ್ ಅಂಗಡಿ ಬಿಟ್ಟ. ಅಲ್ಲಿನ ಗೆಳೆಯರು "ಏನ್ ಆಯಮ್ಮಾ, ಮೂಗು ಒರೆಸೋಕೆ ಹೊರಟ್ಯಾ?" ಎಂದು ಬೀಳ್ಕೊಟ್ಟರು. ವರ್ಲೀನ್ ಮಾತ್ರ, "ನಮ್ಮ ಹುಡುಗ್ರು ನಮ್ಮ ಬಣ್ಣದ ಗಂಡಸ್ರು ಚೆಂಡು ಎಸೆಯೋದು ನೋಡಿದಾವೆ, ಹಾಡೋದು ನೋಡಿದಾವೆ. ಕೂತು ಕಥೆಪುಸ್ತಕ ಓದೋದು ನೋಡಿಲ್ಲ. ನೀನು ಓದು, ಸಾಕು," ಎಂದಿದ್ದಳು.

ಆಯಮ್ಮ ಎನ್ನಿಸಿಕೊಂಡ ಮೇಲೆ ಅಜ್ಜಿಗೆ ಪೂರ್ತಿ ಹೇಳಲು ಬಾಯಿ ಬರಲಿಲ್ಲ. "ಚರ್ಚಲ್ಲಿ ಕೆಲಸ ಸಿಕ್ತು ಅಜ್ಜಿ" ಎಂದಷ್ಟೇ ಹೇಳಿದ. ಅವನನ್ನು ಸಾಕಿ ಬೆಳೆಸಿದ ಓಲಾ ಮೇ ಪೆಟ್‌ವೇ ಒಲೆ ಆರಿಸಿ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡಳು. ಆಮೇಲೆ ಫೋನು ಎತ್ತಿದಳು. ಫೋನು ಇಟ್ಟಾಗ ಇಡೀ ಕೇರಿಯ ಅನುಮಾನಕ್ಕೆ ಮೊಹರು ಬಿದ್ದಿತ್ತು.

ಮಾಲು ನೋಡದೆ ಮುಂಗಡ ಕೊಡುವ ಗಿರಾಕಿಗಳಿದ್ದರೆ ಅವರು ಚರ್ಚಿನ ಹೆಂಗಸರೇ. ಒಬ್ಬಳು ಕೇಕು ತಂದಳು. ಇನ್ನೊಬ್ಬಳು ಸತ್ತ ಗಂಡನ ಚರ್ಮದ ಕೈಪೆಟ್ಟಿಗೆ ಕೊಟ್ಟಳು. ಕಾರ್ನೆಲ್ ಅದರಲ್ಲಿ ಬಣ್ಣದ ಕಡ್ಡಿ, ಅಂಟು ಮತ್ತು ಜಬಾರಿಯ ಬದಲಿ ಚಡ್ಡಿ ಇಟ್ಟುಕೊಂಡ. ಪಾದ್ರಿ ಸ್ಟಿಲ್‌ಮನ್ ಮೊದಲ ಬೋಧನೆಗೆ ಭಾನುವಾರವನ್ನೂ ಗೊತ್ತುಮಾಡಿದ. ಅಜ್ಜಿ ಆ ದಿನಕ್ಕೆಂದು ನೇರಳೆ ಬಣ್ಣದ ಟೋಪಿ ತಂದಳು. ಅದರ ಗರಿಗಳನ್ನು ಕಂಡರೆ ಹಕ್ಕಿಯೊಂದು ಇನ್ನೂ ಒಳಗೆ ಇದ್ದಂತಿತ್ತು.

"ಈಗ್ಲಾದ್ರೂ ಹೇಳೋ," ಎಂದಳು ವರ್ಲೀನ್. "ಪಾದ್ರಿಯಾದ್ರೆ ನಮ್ಮ ತರಗತಿ ಗತಿಯೇನು?"

"ಆ ಟೋಪಿ ನೋಡಿದೀರಾ, ಮಿಸ್ ವರ್ಲೀನ್? ಅದನ್ನ ಹಾಕ್ಕೊಂಡ ಅಜ್ಜಿಗೆ ಹ್ಯಾಗ್ ಹೇಳ್ಲಿ?"

"ಜಬಾರಿಗೆ ಹ್ಯಾಗೆ ಹೇಳ್ತಿ, ಹಾಗೆ."

ಭಾನುವಾರ ಬಂತು. ಅಜ್ಜಿ ಮುಂದಿನ ಸಾಲಿನಲ್ಲಿ ಕೂತಳು. ಕಾರ್ನೆಲ್ ವೇದಿಕೆ ಹತ್ತಿ ಬಾಯಿ ತೆರೆದ. ಮಾತು ಹೊರಡಲಿಲ್ಲ. "ದೇವರು ನಿಧಾನವಾಗಿ ಕೊಡ್ತಾನೆ, ತಗೋ ಮಗಾ," ಎಂದು ಹಿಂದಿನಿಂದ ಯಾರೋ ಹುರಿದುಂಬಿಸಿದರು. ಅಷ್ಟರಲ್ಲಿ ಜಬಾರಿ ತಾಯಿಯ ಮಡಿಲಲ್ಲಿ ರಾಗ ತೆಗೆದ. ಕಾರ್ನೆಲ್ ಯೋಚಿಸದೆ ಕೆಳಗಿಳಿದು ಮೆಟ್ಟಿಲ ಮೇಲೆ ಕೂತ. ನೆಲಮಾಳಿಗೆಯ ಮಕ್ಕಳೆಲ್ಲ ಅಭ್ಯಾಸಬಲದಿಂದ ಓಡಿಬಂದು ಅವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವು.

"ಯೋನನನ್ನ ನುಂಗಿದ ಮೀನು ಎಷ್ಟು ದೊಡ್ಡದು?" ಎಂದು ಬೈಬಲ್ಲಿನ ಕಥೆ ಶುರುಮಾಡಿದ.

ಮಕ್ಕಳು ಕೈ ಚಾಚಿದವು.

"ಇನ್ನೂ ದೊಡ್ಡದು."

ಮುದುಕರೂ ಚಾಚಿದರು. ಹಿರಿಯರೊಬ್ಬರ ಕೈಗಡಿಯಾರ ಪಕ್ಕದವರ ಕಿವಿಗೆ ತಾಗಿತು.

"ದೇವರು ಯೋನನಿಗೆ ಒಂದು ಊರಿಗೆ ಹೋಗು ಅಂದ. ಅವನು ಬೇರೆ ಹಡಗು ಹತ್ತಿದ," ಎಂದ ಕಾರ್ನೆಲ್. ಆಮೇಲೆ ಮಕ್ಕಳ ತಲೆಯ ಮೇಲಿಂದ ಟೋಪಿಯತ್ತ ನೋಡಿದ. "ನಾನೂ ತಪ್ಪು ಹಡಗಲ್ಲಿ ಕೂತಿದೀನಿ, ಅಜ್ಜಿ. ನನ್ನ ಊರು ಇಲ್ಲೇ ಕೆಳಗಿದೆ. ನಾನು ಪಾದ್ರಿ ಆಗಲ್ಲ. ನಾನು ಇವರ ಮೇಷ್ಟ್ರು."

ಕೆಮ್ಮಿಗೂ ಆಮೆನ್ ಹೇಳುವ ಸಭೆ ಅದು. ಈಗ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರೂ ಓಲಾ ಮೇಯ ಬೆನ್ನು ನೋಡಿದರು. ಗರಿಗಳು ಸ್ವಲ್ಪ ಹೊತ್ತು ನಡುಗಿದವು.

"ಅಂಗಡಿಯವನು ಈ ಟೋಪಿ ವಾಪಸ್ ತಗೊಳ್ಳಲ್ಲ," ಎಂದಳು ಅವಳು. ಮಕ್ಕಳನ್ನು ನೋಡಿದಳು. ಜಬಾರಿ ಮೊಮ್ಮಗನ ಶೂ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದ. "ಇರ್ಲಿ. ಆಮೆನ್."

ಆಮೇಲೆ ಸಭೆಗೂ ಧೈರ್ಯ ಬಂತು. ಕೇಕು ಕೊಟ್ಟವಳು ಮಾತ್ರ ತಟ್ಟೆ ವಾಪಸು ಕೇಳಿದಳು. ಬಾಗಿಲ ಬಳಿ ವರ್ಲೀನ್ ಗಾಯನವೃಂದದ ಇಬ್ಬರು ದಷ್ಟಪುಷ್ಟ ಹುಡುಗರನ್ನು ತಡೆದು, ಮಂಚ ಸರಿಸಲು ಯಾವಾಗ ಪುರುಸೊತ್ತು ಎಂದು ವಿಚಾರಿಸುತ್ತಿದ್ದಳು.

ವರ್ಷದ ಕೊನೆಯಲ್ಲಿ ನೆಲಮಾಳಿಗೆಯಲ್ಲಿ ಮಕ್ಕಳ ಕಾರ್ಯಕ್ರಮವಾಯಿತು. ಓಲಾ ಮೇ ಮೊದಲ ಸಾಲಿನ ಪುಟ್ಟ ಕುರ್ಚಿಯಲ್ಲಿ ಟೋಪಿಸಮೇತ ಕೂತಳು. ಹಿಂದಿನವರಿಗೆ ಗರಿಗಳ ಹೊರತು ಏನೂ ಕಾಣಲಿಲ್ಲ.

"ಅಜ್ಜಿ, ಟೋಪಿ ತೊಡೆ ಮೇಲೆ. ಹಿಂದಿರೋ ಗೆಳೆಯರಿಗೂ ಕಾಣ್ಬೇಕಲ್ವಾ?" ಎಂದ ಕಾರ್ನೆಲ್, ತರಗತಿಯ ದನಿಯಲ್ಲಿ.

ಮೂವರು ಪಾದ್ರಿಗಳ ಕಾಲದಲ್ಲಿ ಯಾರ ಮಾತಿಗೂ ಟೋಪಿ ತೆಗೆಯದವಳು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕೈಯನ್ನೂ ಕಟ್ಟಿ ಕೂತಳು.